ಹೀರೋ ಎಂಜಿನ್, ಸೈಡ್ ಪಾರ್ಟು ವೈರು!

ಸಿನಿಮಾದಲ್ಲಿ ಹೀರೋ ಕಾರು ಹತ್ತುತ್ತಾನೆ, ಚಾವಿ ತಿರುವುತ್ತಾನೆ, ಬುರ್ರ್... ಧೂಳೆಬ್ಬಿಸಿ ಹೊರಟೇ ಬಿಡುತ್ತಾನೆ! ಆ ಚಾವಿಗೂ ಆ ‘ಬುರ್ರ್’ಗೂ ನಡುವೆ ಏನೇನು ನಡೆಯುತ್ತದೆ ಎಂದು ನನಗೆ ಗೊತ್ತಿರುವ ಯಾವ ಡೈರೆಕ್ಟರೂ ತೋರಿಸಿಲ್ಲ. ತೋರಿಸಿದರೆ ಗಾಂಧಿ ಕ್ಲಾಸಿನವರು ಎದ್ದು ಬೀಡಿ ಸೇದಲು ಹೋಗುತ್ತಾರೆ, ಅದು ಬೇರೆ ಮಾತು. ನಾನೂ ಹಾಗೆ ಎದ್ದು ಹೋಗುವ ಪೈಕಿಯೇ. 2012ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ತೆಕ್ಕಲಕೋಟೆ ದಾಟಿದ ಮೇಲೆ, ಪಕ್ಕದ ಸೀಟಿನಲ್ಲಿ ಅಪ್ಪನನ್ನು ಕೂಡಿಸಿಕೊಂಡು ಹೋಗುವಾಗ ನನ್ನ ಕಾರಿನ ಬಾನೆಟ್ ಒಳಗೆ ಪೆಟ್ರೋಲ್ ಕಾರಂಜಿ ಚಿಮ್ಮುವುದನ್ನು ಕಣ್ಣಾರೆ ನೋಡುವ ತನಕ!

ಇರಲಿ, ರೀಲನ್ನು ಹಿಂದಕ್ಕೆ ಸುತ್ತುತ್ತೇನೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತಲ್ಲ, ಆಗ ನಾನು ಬಳ್ಳಾರಿಯಲ್ಲಿ ಅದಿರಿನ ಟಿಪ್ಪರುಗಳ ಗ್ಯಾರೇಜಿನಲ್ಲಿ ಫಿಟ್ಟರ್. ಹಗಲು ರಾತ್ರಿ ಕೆಂಪು ಧೂಳೆಬ್ಬಿಸಿ ಓಡುತ್ತಿದ್ದ ಟಿಪ್ಪರುಗಳು ಒಂದೇ ವಾರದಲ್ಲಿ ಸಾಲಾಗಿ ನಿಂತವು. ನಿಂತ ಗಾಡಿಗೆ ರಿಪೇರಿ ಯಾಕೆ? ಗ್ಯಾರೇಜಿನಲ್ಲಿ ಕೆಲಸ ವಾರಕ್ಕೆ ಎರಡು ದಿನಕ್ಕಿಳಿಯಿತು. ಉಳಿದ ಐದು ದಿನ ರಾಯಲ್ ಸರ್ಕಲ್ಲಿನಲ್ಲಿ ಗಡಿಯಾರ ನೋಡುವುದು, ಮೋತಿ ಸರ್ಕಲ್ಲಿನಲ್ಲಿ ಪೋಸ್ಟರ್ ನೋಡುವುದು, ಒಗ್ಗಾಣಿ ಮಿರ್ಚಿ ತಿನ್ನುವುದು. ದುಡ್ಡಿದ್ದರೆ ಮ್ಯಾಟಿನಿ.

ಮನೆ ಸಿರುಗುಪ್ಪದಲ್ಲಿ. ಅಪ್ಪ ರೈಸ್ ಮಿಲ್ಲಿನ ಗುಮಾಸ್ತ. ಭತ್ತದ ತೂಕ ಬರೆದೂ ಬರೆದೂ ಬೆರಳು ಡೊಂಕಾದ ಮನುಷ್ಯ. ಆ ವರ್ಷ ಅವನಿಗೆ ಒಮ್ಮೆ ಎದೆನೋವು ಬಂದು ಹೋಗಿತ್ತು. ತಿಂಗಳಿಗೊಮ್ಮೆ ಬಳ್ಳಾರಿಗೆ ಡಾಕ್ಟರ ಹತ್ತಿರ ತೋರಿಸಬೇಕು. ಸಿರುಗುಪ್ಪದಿಂದ ಬಳ್ಳಾರಿ ಹತ್ತಿರಹತ್ತಿರ 55 ಕಿಲೋಮೀಟರು. ಹಗಲಿಗೆ ಬಸ್ಸಿಗೇನೂ ಬರವಿಲ್ಲ. ಆದರೆ ಎದೆನೋವು ಬಸ್ಸಿನ ಟೈಮ್ ಟೇಬಲ್ ಕೇಳಿಕೊಂಡು ಬರುತ್ತದೆಯೇ?

ಮನೆ ಮುಂದೆ ಒಂದು ಕಾರಿತ್ತು. ಗಣಿಯ ದುಡ್ಡು ಓಡಾಡುತ್ತಿದ್ದ ಕಾಲದಲ್ಲಿ ನಾನೇ ಸೆಕೆಂಡ್ ಹ್ಯಾಂಡ್ ಕೊಂಡ 1998ರ ಮಾರುತಿ ಜೆನ್. ಹಳಬರಿಗೆ ನೆನಪಿರುತ್ತದೆ: 1993ರಲ್ಲಿ ಈ ಗುಂಡುಗುಂಡು ಗಾಡಿ ಬಂದಾಗ ಕಾಲೇಜು ಹುಡುಗರೆಲ್ಲ ಅದರ ಹಿಂದೆ ಬಿದ್ದಿದ್ದರು. 993 ಸಿಸಿ, ಕಾರ್ಬೊರೇಟರ್ ಎಂಜಿನ್, ಸುಮಾರು 50 ಕುದುರೆ ಶಕ್ತಿ. ನನ್ನ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಎಷ್ಟು ಕುದುರೆ ಬದುಕಿದ್ದವೋ ದೇವರೇ ಬಲ್ಲ. ನೀಲಿ ಹೊಗೆ, ಪೆಟ್ರೋಲಿನಷ್ಟೇ ಆಯಿಲು ಕುಡಿಯುವ ಚಟ. ನಾಲ್ಕು ಸಲ ಸೆಲ್ಫ್ ಹೊಡೆದರೆ ಒಂದು ಸಲ ಕೆಮ್ಮುತ್ತಿತ್ತು. ಇಂಥ ಗಾಡಿಯಲ್ಲಿ ನಡುರಾತ್ರಿ ಎದೆನೋವಿನ ಪೇಷಂಟನ್ನು ಕರೆದೊಯ್ಯುವುದೇ?

ಎಂಜಿನ್ ಬಿಚ್ಚಿ ಬೋರ್ ಮಾಡಿಸೋಣ ಅಂದರೆ ಖರ್ಚು. ಅಷ್ಟರಲ್ಲಿ ಬಳ್ಳಾರಿಯ ಒಂದು ಗುಜರಿಯಲ್ಲಿ ಹಿಂಭಾಗ ಅಪ್ಪಚ್ಚಿಯಾದ ಎಸ್ಟೀಮ್ ಕಾರೊಂದು ಬಂದು ಬಿದ್ದಿದೆ ಅಂತ ಸುದ್ದಿ ಬಂತು. ಮುಂಭಾಗ ಮದುಮಗನ ಹಾಗಿದೆ! ಎಸ್ಟೀಮಿನ 1298 ಸಿಸಿ ಎಂಜಿನ್‌ಗೂ ಜೆನ್ನಿನ ಎಂಜಿನ್‌ಗೂ ಒಂದೇ ವಂಶ, ಸುಜುಕಿಯ ‘ಜಿ’ ವಂಶ. ಅಣ್ಣ ತಮ್ಮ ಇದ್ದ ಹಾಗೆ. ತಮ್ಮನ ಅಂಗಿ ಅಣ್ಣನಿಗೆ ಸ್ವಲ್ಪ ಬಿಗಿಯಾದರೂ ಹಿಡಿಸುತ್ತದೆ. 1999ರಿಂದ ಬಂದ ಎಂಪಿಎಫ್‌ಐ ಎಸ್ಟೀಮಿಗೆ 16 ವಾಲ್ವು, 85 ಕುದುರೆ ಶಕ್ತಿ. ರೇಸಿನ ಹುಚ್ಚಿನವರು ಎಷ್ಟೋ ಹಿಂದೆಯೇ ಈ ಕಸಿ ಮಾಡಿ ಮೆರೆದಿದ್ದರು.

ನಿಜ ಹೇಳಲೇ? ಅಪ್ಪನ ಎದೆನೋವು ಅರ್ಧ ಕಾರಣ. ಇನ್ನರ್ಧ ಕಾರಣ 1980ರ ‘ಮಿಂಚಿನ ಓಟ’! ಶಂಕರನಾಗ್ ಡೈರೆಕ್ಟ್ ಮಾಡಿದ ಆ ಕಾರುಗಳ್ಳರ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಪುಟ್ಟ ಜೆನ್ನಿನ ಹೊಟ್ಟೆಯಲ್ಲಿ 85 ಕುದುರೆ... ಸಿರುಗುಪ್ಪ ಬಸ್ ಸ್ಟ್ಯಾಂಡಿನ ಮುಂದೆ ಒಂದು ಸಲ ಆಕ್ಸಿಲೇಟರ್ ತುಳಿದರೆ ಸಾಕು ಅಂತ ಕನಸು.

ಅಪ್ಪನಿಗೆ ಹೇಳಿದೆ. ಅವನೂ ಶಂಕರಣ್ಣನ ಅಭಿಮಾನಿಯೇ. ‘ಆಟೋ ರಾಜ’ ನೋಡಲು ಸಿರುಗುಪ್ಪದಿಂದ ಬಳ್ಳಾರಿಗೆ ಲಾರಿ ಹತ್ತಿ ಬಂದವನು. ಸುಮ್ಮನೆ ಕೇಳಿಸಿಕೊಂಡ. ಆಮೇಲೆ,

‘ಅಂಥಾ ಶಂಕರಣ್ಣನ್ನ ಆನಗೋಡಿನ ಹತ್ರ ರಸ್ತೇನೇ ನುಂಗ್ತಲ್ಲೋ ತಮ್ಮಾ. ಮೂವತ್ತೈದು ವರ್ಷ ವಯಸ್ಸು’ ಅಂದ.

1990ರ ಸೆಪ್ಟೆಂಬರ್ 30. ಅವತ್ತು ಮಿಲ್ಲಿನಲ್ಲಿ ಹಮಾಲರು ಮೂಟೆ ಎತ್ತಲಿಲ್ಲವಂತೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ‘ಸ್ಪೀಡಿಗಲ್ಲಪ್ಪಾ, ನಿನಗೆ ಅರ್ಜೆಂಟಿಗೆ ಇರ್ಲಿ ಅಂತ’ ಅಂದೆ. ಅರ್ಧ ಸುಳ್ಳು.

ಕುರುಗೋಡಿನಲ್ಲಿ ಅಕ್ಕನ ಮನೆ. ಭಾವನದು ಒಂದು ತಗಡಿನ ಶೆಡ್ಡಿದೆ, ಶೆಡ್ಡಿನ ಮುಂದೆ ದೊಡ್ಡ ಬೇವಿನ ಮರವಿದೆ. ಚೈನ್ ಬ್ಲಾಕ್ ಕಟ್ಟಿ ಎಂಜಿನ್ ಎತ್ತಲು ಅದಕ್ಕಿಂತ ಗಟ್ಟಿ ಕೊಂಬೆ ಎಲ್ಲಿ ಸಿಗಬೇಕು! ಎಂಜಿನ್, ಗೇರ್ ಬಾಕ್ಸು, ಕಂಪ್ಯೂಟರು, ವೈರು ಎಲ್ಲ ಸೇರಿ 24 ಸಾವಿರಕ್ಕೆ ಗುಜರಿಯವನು ಒಪ್ಪಿದ. ಅದರಲ್ಲಿ 10 ಸಾವಿರ ಭಾವನ ಸಾಲ. ಅಕ್ಕ ದೊಡ್ಡ ಬಸವೇಶ್ವರನಿಗೆ ಕಾಯಿ ಹರಕೆ ಹೊತ್ತಳು. ಒಂದೇ ಕಲ್ಲಿನ ಅಷ್ಟು ದೊಡ್ಡ ನಂದಿ ಇರುವ ಊರಲ್ಲಿ ಒಂದು ಚಿಕ್ಕ ಎಂಜಿನ್ ಎದ್ದು ಕೂರುವುದಿಲ್ಲವೇ ಅನ್ನುವ ಧೈರ್ಯ ಅವಳದು.

ನಟ್ಟು ಬೋಲ್ಟು ನನ್ನ ಕೆಲಸ. ವೈರು ಮಾತ್ರ ನನಗೆ ಹಾವಿದ್ದ ಹಾಗೆ. ಅದಕ್ಕೆ ಕೌಲ್ ಬಜಾರಿನ ಚಾಚಾನ ಬಳಿ ಹೋದೆ. ನಲವತ್ತು ವರ್ಷ ಲಾರಿ, ಟಿಪ್ಪರಿಗೆ ವೈರಿಂಗ್ ಮಾಡಿದ ಕೈ. ಗಣಿ ನಿಂತ ಮೇಲೆ ಅವರ ಕೈಯೂ ಖಾಲಿ. ನಾನು ಎಂಜಿನ್ನಿನ ವರ್ಣನೆ ಮಾಡುತ್ತಿದ್ದರೆ ಚಾಚಾ ನಡುವೆ ಬಾಯಿ ಹಾಕಿ ಕೇಳಿದ್ದು ಒಂದೇ:

‘ವೈರಿಂಗ್ ಕಟ್ ಮಾಡಿದಾರೇನು?’

‘ಇನ್ನೂ ಗಾಡೀಲೇ ಐತೆ ಚಾಚಾ.’

‘ಹಂಗಾದ್ರೆ ಎಂಜಿನ್ ಆಮೇಲೆ ತಾ ಬೇಟಾ. ಮೊದಲು ಆ ವೈರಿಂಗ್ ತಾ. ಒಂದು ಕಪ್ಲರ್ ಮುರೀಬಾರದು, ಒಂದು ವೈರ್ ಕಟ್ ಆಗಬಾರದು. ಎಂಜಿನ್ ಕೂಡಿಸೋದು ಪೈಲ್ವಾನನ ಕೆಲಸ. ಅದನ್ನ ಎಬ್ಬಿಸೋದು ಹಕೀಮನ ಕೆಲಸ.’

ಗುಜರಿಯ ಹುಡುಗರಿಗೆ ವೈರು ಅಂದರೆ ತಾಮ್ರ. ಕಟ್ಟರ್ ಹಾಕಿ ಕಚಕ್ ಅನ್ನಿಸಿ ತೂಕಕ್ಕೆ ಹಾಕುತ್ತಾರೆ. ನಾನು, ಚಾಚಾ ಇಬ್ಬರೂ ಆ ಬಿಸಿಲಲ್ಲಿ ಅರ್ಧ ದಿನ ಕೂತು ಎಸ್ಟೀಮಿನ ಡ್ಯಾಶ್ ಬೋರ್ಡ್ ಬಿಚ್ಚಿ, ಕಂಪ್ಯೂಟರಿನಿಂದ ಹಿಡಿದು ಎಂಜಿನ್ನಿನ ತುದಿಯ ತನಕ ಇಡೀ ವೈರಿಂಗನ್ನು ಕರುಳು ತೆಗೆದ ಹಾಗೆ ಎಳೆದು ತೆಗೆದೆವು. ಬಳ್ಳಾರಿಯ ಬಿಸಿಲು ನಿಮಗೆ ಗೊತ್ತಲ್ಲ. ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ! ಕಾದ ತಗಡಿನೊಳಗೆ ತಲೆ ಹಾಕಿ ನಾನು ಬೈದುಕೊಳ್ಳುತ್ತಿದ್ದರೆ, ಚಾಚಾ ಪ್ರತಿ ಕಪ್ಲರಿಗೂ ಬಿಳಿ ಟೇಪು ಸುತ್ತಿ ಕನ್ನಡದಲ್ಲೊಂದು, ಉರ್ದುವಿನಲ್ಲೊಂದು ಚೀಟಿ ಬರೆಯುತ್ತಿದ್ದರು. ‘ಯಾಕೆ ಚಾಚಾ, ಎರಡೆರಡು?’ ಅಂದರೆ, ‘ಕನ್ನಡ ನಿನಗೆ, ಉರ್ದು ನನಗೆ. ಜಗಳ ಬರಬಾರದು’ ಅಂದರು.

ಎಂಜಿನ್ ಕೂಡಿಸುವ ಕೆಲಸ ಎರಡು ದಿನದಲ್ಲಿ ಮುಗಿಯಿತು. ಅದನ್ನು ಹೇಳುವುದೂ ಬೇಡ, ಒಂದೇ ವಂಶ ಅಂದೆನಲ್ಲ, ಮೌಂಟಿಂಗ್ ಹೆಚ್ಚು ತಕರಾರು ಮಾಡಲಿಲ್ಲ. ವೈರಿನ ಕಥೆಯೇ ಕಥೆ.

ಹಳೆಯ ಕಾರ್ಬೊರೇಟರ್ ಎಂಜಿನ್ ಅಂದರೆ ಹಳ್ಳಿಯ ಬಯಲಾಟ ಇದ್ದ ಹಾಗೆ. ಒಂದು ಕಾಯಿಲು, ಒಂದೆರಡು ವೈರು, ಎಂಜಿನ್ನಿನ ಓಟದಿಂದಲೇ ಕುಟ್ಟಿಸಿಕೊಳ್ಳುವ ಪುಟ್ಟ ಪೆಟ್ರೋಲ್ ಪಂಪು. ಎಂಪಿಎಫ್‌ಐ ಅಂದರೆ ಸ್ಟುಡಿಯೋ ಶೂಟಿಂಗ್! ಇಸಿಎಂ ಎಂಬ ಕಂಪ್ಯೂಟರ್ ಡಬ್ಬಿಯೇ ಡೈರೆಕ್ಟರು. ಗಾಳಿಯ ಒತ್ತಡ ಎಷ್ಟು, ನೀರು ಎಷ್ಟು ಕಾದಿದೆ, ಆಕ್ಸಿಲೇಟರ್ ಎಷ್ಟು ತುಳಿದಿದ್ದಾನೆ, ಕ್ಯಾಮ್ ಎಲ್ಲಿದೆ, ಸೈಲೆನ್ಸರಿನ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಒಂದೊಂದು ಸೆನ್ಸರ್ ಓಡಿ ಬಂದು ಅದರ ಕಿವಿಯಲ್ಲಿ ಹೇಳಬೇಕು. ಆಗ ಅದು ಇಂಜೆಕ್ಟರಿಗೆ ‘ಈಗ ಪೆಟ್ರೋಲ್ ಹಾಕು’, ಕಾಯಿಲಿಗೆ ‘ಈಗ ಕಿಡಿ ಹಚ್ಚು’ ಅನ್ನುತ್ತದೆ. ನಡುವೆ ಒಂದು ವೈರು ಸುಳ್ಳು ಹೇಳಿದರೂ ಶೂಟಿಂಗ್ ಕ್ಯಾನ್ಸಲ್.

ಮೊದಲ ಭಾನುವಾರ ಚಾಚಾ ಕುರುಗೋಡಿಗೆ ಬಂದರು. ಹೊರಸಿನ ಮೇಲೆ ವೈರಿಂಗ್ ಹರಡಿ ಒಂದು ಶಾಸನ ಹೊರಡಿಸಿದರು. ಜೆನ್ನಿನ ಹಳೇ ವೈರಿಂಗಿಗೆ ಕಟ್ಟರ್ ಮುಟ್ಟಿಸಬಾರದು! ಲೈಟು, ಹಾರನ್ನು, ವೈಪರು ಎಲ್ಲ ಅದರ ಪಾಡಿಗೆ ಅದು. ಎಂಜಿನ್ನಿನ ವೈರಿಂಗ್ ಬೇರೆ ಬಾಗಿಲಿನ ಬಾಡಿಗೆದಾರನ ಹಾಗೆ ಪ್ರತ್ಯೇಕ. ಎರಡೂ ಕೂಡುವುದು ಕೈಬೆರಳೆಣಿಕೆಯ ಜಾಗದಲ್ಲಿ ಮಾತ್ರ. ಬ್ಯಾಟರಿಯಿಂದ ಯಾವಾಗಲೂ ಇರುವ ಕರೆಂಟು ಒಂದು, ಅದು ಇಸಿಎಂ ನೆನಪು ಉಳಿಸಿಕೊಳ್ಳಲು. ಚಾವಿ ತಿರುವಿದಾಗ ಬರುವ ಕರೆಂಟು ಒಂದು. ಸೆಲ್ಫ್ ಹೊಡೆದ ಸುದ್ದಿ ಒಂದು. ಮೀಟರಿನಲ್ಲಿ ಉರಿಯುವ ಎಂಜಿನ್ ಲ್ಯಾಂಪು. ಹಿಂದೆ ಟ್ಯಾಂಕಿನ ಪಂಪಿಗೆ ಹೋಗುವ ವೈರು. ಆಮೇಲೆ ಅರ್ತು.

ಈ ಅರ್ತಿನ ಮಹಿಮೆ ಅವತ್ತು ಸಂಜೆ ಗೊತ್ತಾಯಿತು. ಎಲ್ಲ ಕೂಡಿಸಿ ಚಾವಿ ತಿರುವಿದರೆ ಲ್ಯಾಂಪು ಮಿಣ್ಣಗೆ, ಸಾಯುವ ಮಿಂಚುಹುಳದ ಹಾಗೆ. ನಾನು ‘ಕಂಪ್ಯೂಟರ್ ಸುಟ್ಟೈತೆ, ಗುಜರಿಯವನು ಟೋಪಿ ಹಾಕಿದ’ ಅಂತ ಎಗರಾಡಿದೆ. ಚಾಚಾ ಮಾತಾಡದೆ ಜೇಬಿನಿಂದ ಮೀಟರ್ ತೆಗೆದರು. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಸಿಎಂನ ಅರ್ತ್ ಕೂತಿದ್ದ ಬೋಲ್ಟಿಗೆ. ‘ಸೆಲ್ಫ್ ಹೊಡಿ’ ಅಂದರು. ಹೊಡೆದೆ. ಮುಳ್ಳು ಎದ್ದು ನಿಂತಿತು. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು, ಹೆಚ್ಚೆಂದರೆ 0.1, 0.2 ವೋಲ್ಟು. ನಮ್ಮದು ಎರಡು ವೋಲ್ಟಿನ ಮೇಲೆ!

ಏನಾಗಿತ್ತು ಗೊತ್ತೇ? ನಾನು ಅಂದಕ್ಕೆ ಅಂತ ಆ ಬ್ರಾಕೆಟಿಗೆ ಕಪ್ಪು ಪೇಂಟ್ ಹೊಡೆದಿದ್ದೆ. ಪೇಂಟಿನ ಮೇಲೆ ಅರ್ತ್ ಕೂಡಿಸಿದ್ದೆ. ಪೇಂಟ್ ಕರೆಂಟನ್ನು ಬಿಡುತ್ತದೆಯೇ? ಚಾಚಾ ಎಮರಿ ಪೇಪರಿನಿಂದ ಉಜ್ಜಿ ಬೆಳ್ಳಗೆ ಹೊಳೆಯಿಸಿ, ಬೋಲ್ಟ್ ಬಿಗಿದು, ಮೇಲೆ ತುಸು ಗ್ರೀಸು ಸವರಿದರು. ಎಂಜಿನ್ನಿನಿಂದ ಬಾಡಿಗೆ ಇನ್ನೊಂದು ದಪ್ಪ ಪಟ್ಟಿ. ಚಾವಿ ತಿರುವಿದೆ. ಲ್ಯಾಂಪು ಝಗ್ ಅಂತ ಹತ್ತಿತು!

ಹೊತ್ತು ಮುಳುಗಿತ್ತು. ಎಂಪಿಎಫ್‌ಐಗೆ ಟ್ಯಾಂಕಿನೊಳಗೇ ಕರೆಂಟಿನ ಪಂಪು ಬೇಕು. ಅದಕ್ಕೆ ಹೊಂದುವ ಟ್ಯಾಂಕು ಇನ್ನೂ ಗುಜರಿಯಿಂದ ಬಂದಿರಲಿಲ್ಲ. ಚಾಚಾ ಬ್ಯಾಗ್ ಹೆಗಲಿಗೇರಿಸಿ ಹೇಳಿದರು: ‘ಟ್ಯಾಂಕ್ ಕೂಡಿಸಿಡು. ಹೋಸ್ ಮಾತ್ರ ಹೊಸದು ತಾ, ಇಂಜೆಕ್ಷನ್ ಗಾಡಿದು. ಹಳೇ ಕಾರ್ಬೊರೇಟರ್ ಹೋಸ್ ಹಾಕಬ್ಯಾಡ, ಈ ಪಂಪಿನ ಪ್ರೆಷರ್ ಬೇರೆ. ಪಂಪಿನ ವೈರ್ ಮುಂದಿನ ಭಾನುವಾರ ನಾನೇ ಮಾಡ್ತೀನಿ.’

ಮುಂದಿನ ಭಾನುವಾರ ಚಾಚಾ ಬರಲಿಲ್ಲ. ಆದೋನಿಯಲ್ಲಿ ನೆಂಟರ ಮದುವೆ. ಮಂಗಳವಾರ ಅಪ್ಪನಿಗೆ ಡಾಕ್ಟರ ಹತ್ತಿರ ತೋರಿಸಬೇಕು. ನನಗೋ, ಗಂಟಲಿಗೆ ಬಂದ ‘ಬುರ್ರ್’ ಹೊರಗೆ ಬರದೆ ಒದ್ದಾಟ. ಟ್ಯಾಂಕ್ ಕೂಡಿಸಿದೆ. ಹೋಸ್ ಒಂದು ಕಡೆ ಗಿಡ್ಡವಾಯಿತು. ಹಳೆಯದರ ಒಂದು ತುಂಡು ಸೇರಿಸಿ ಎರಡು ಕ್ಲಿಪ್ ಬಿಗಿದೆ. ಎಷ್ಟು ಹೊತ್ತಿನ ಮಾತು, ಭಾನುವಾರ ಬದಲಾಯಿಸೋಣ ಅಂತ. ಚೀಟಿ ನೋಡಿ ಪಂಪಿನ ವೈರೂ ನಾನೇ ಕೂಡಿಸಿದೆ. ಚಾವಿ ತಿರುವಿದರೆ ರಿಲೇ ‘ಟಿಕ್’ ಅಂದಿತು. ಪಂಪು ಮಾತ್ರ ಮೌನ.

ರಿಲೇ ಟಿಕ್ ಅಂದಿತಲ್ಲ, ಹಾಗಾದರೆ ರಿಲೇ ಸರಿಯಾಗಿದೆ, ಇಸಿಎಂ ಕಡೆಯ ಲೈನೇ ಏನೋ ತಪ್ಪಿದೆ ಅಂತ ನನ್ನ ಪಾಂಡಿತ್ಯ. ಒಂದು ಗಂಟೆ ತಡಕಾಡಿದೆ. ಆಮೇಲೆ ನಮ್ಮ ಕಡೆಯ ಮಹಾಮಂತ್ರ, ಡೈರೆಕ್ಟ್ ಕೊಡು! ಚಾವಿಯ ಸ್ವಿಚ್ಚಿನಿಂದ ಒಂದು ತೆಳ್ಳನೆ ವೈರು ಎಳೆದು ನೇರ ಪಂಪಿಗೆ ಕೊಟ್ಟೆ. ಫ್ಯೂಸಿಲ್ಲ, ರಿಲೇ ಇಲ್ಲ. ಚಾವಿ ತಿರುವಿದೆ, ವ್ಞೀಂ... ಅಂತ ಪಂಪು ಹಾಡಿತು. ಸೆಲ್ಫ್ ಹೊಡೆದೆ, ಎಂಜಿನ್ ಎದ್ದಿತು ನೋಡಿ! ಆಕ್ಸಿಲೇಟರ್ ತುಳಿದೆ. ಬೇವಿನ ಮರದ ಕಾಗೆಗಳೆಲ್ಲ ಹಾರಿದವು. ಓಣಿಯ ಹುಡುಗರು ಫಸ್ಟ್ ಡೇ ಫಸ್ಟ್ ಶೋಗೆ ಹಾಕುವ ಹಾಗೆ ಶಿಳ್ಳೆ ಹಾಕಿದರು. ಅಕ್ಕ ಅಳುತ್ತಾ ಕಾಯಿ ಹಿಡಿದು ಗುಡಿಗೆ ಓಡಿದಳು. ನಾನು ಹೀರೋ!

ಈ ಹೀರೋಗಿರಿ ಒಂದೂವರೆ ದಿನ ನಡೆಯಿತು.

ಮಂಗಳವಾರ ಬೆಳಿಗ್ಗೆ ಸಿರುಗುಪ್ಪದಿಂದ ಅಪ್ಪನನ್ನು ಕೂಡಿಸಿಕೊಂಡು ಹೊರಟೆ. ಗಾಡಿ ಎಳೆಯುವ ರಭಸಕ್ಕೆ ಅಪ್ಪ ಮೇಲಿನ ಹಿಡಿಕೆ ಹಿಡಿದುಕೊಂಡಿದ್ದ. ತೆಕ್ಕಲಕೋಟೆ ದಾಟಿತು. ಎರಡು ಕಡೆ ಬರೀ ಬಳ್ಳಾರಿ ಜಾಲಿ.

‘ತಮ್ಮಾ, ಪೆಟ್ರೋಲ್ ವಾಸನೆ ಬರಾಕತ್ತೈತೆ.’

‘ಹೊಸಾ ಟ್ಯಾಂಕು ಅಪ್ಪಾ, ಒಂದೆರಡು ದಿನ ಬರ್ತೈತೆ.’

ಇನ್ನೊಂದು ಫರ್ಲಾಂಗ್ ಹೋಗಿರಬೇಕು. ಎಂಜಿನ್ ತಡವರಿಸಿ, ಎರಡು ಸಲ ಜಗ್ಗಿ, ಸತ್ತಿತು. ಗಾಡಿ ಪಕ್ಕಕ್ಕೆ ಉರುಳಿಸಿ ನಿಲ್ಲಿಸಿದೆ. ಜಿಗಿದಿಳಿದು ಬಾನೆಟ್ ಎತ್ತಿದೆ. ನಾನು ಹಾಕಿದ್ದ ಆ ಹಳೇ ಹೋಸಿನ ತುಂಡು ಕ್ಲಿಪ್ಪಿನಿಂದ ಕಿತ್ತುಕೊಂಡು ಕುಣಿಯುತ್ತಿದೆ, ಪೆಟ್ರೋಲು ಸೀದಾ ಕಾದ ಎಂಜಿನ್ನಿನ ಮೇಲೆ ಚಿಮ್ಮುತ್ತಿದೆ! ಎಂಜಿನ್ ನಿಂತಿದೆ, ಆದರೂ ಚಿಮ್ಮುತ್ತಿದೆ! ಹಿಂದಿನಿಂದ ಆ ವ್ಞೀಂ... ಸದ್ದು ನಿಂತೇ ಇಲ್ಲ. ನಾನು ಕಂಬದ ಹಾಗೆ ನಿಂತೆ. ಕೈ ಕಾಲು ಆಡಲಿಲ್ಲ, ನಿಜವಾಗಿ.

ಸದ್ದು ನಿಂತಿತು. ನೋಡಿದರೆ ಅಪ್ಪ ಪಕ್ಕದ ಸೀಟಿನಿಂದ ಕೈ ಚಾಚಿ ಚಾವಿ ತಿರುವಿ, ಕಿತ್ತು, ಮುಷ್ಟಿಯಲ್ಲಿ ಹಿಡಿದು ಕೆಳಗಿಳಿಯುತ್ತಿದ್ದ. ‘ದೂರ ಬಾ’ ಅಂದ. ಅಷ್ಟೇ. ಇಪ್ಪತ್ತು ಮಾರು ನಡೆದು ಜಾಲಿ ಗಿಡದ ಕಡ್ಡಿ ನೆರಳಲ್ಲಿ ಕೂತ. ಮಿಲ್ಲಿನಲ್ಲಿ ಬೆಲ್ಟ್ ಹರಿದರೂ, ಯಾರ ಕೈ ಸಿಕ್ಕರೂ ಮೊದಲು ಮೇನ್ ಸ್ವಿಚ್ ತೆಗೆಯಬೇಕಂತೆ. ಏನಾಯಿತು ಅಂತ ನೋಡುವುದು ಆಮೇಲೆ. ಮೂವತ್ತು ವರ್ಷದ ಅಭ್ಯಾಸ.

ಭತ್ತದ ಲಾರಿಯೊಂದು ನಿಂತು, ಡ್ರೈವರ್ ಬಾಯಲ್ಲಿ ಬೀಡಿ ಇಟ್ಟುಕೊಂಡೇ ‘ಏನಾತಣ್ಣಾ?’ ಅಂತ ಇಳಿದು ಬಂದ. ನಾನು ಕೂಗಿದ ಕೂಗಿಗೆ ಅವನು ಬೀಡಿ ಬಿಸಾಡಿ ಲಾರಿ ಹಿಂದಕ್ಕೆ ಓಡಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಅವತ್ತು ಬರಲಿಲ್ಲ. ಅಪ್ಪನನ್ನು ಸರ್ಕಾರಿ ಬಸ್ ಹತ್ತಿಸಿ ಬಳ್ಳಾರಿಗೆ ಕಳಿಸಿದೆ. ಕಾರು ಹಗ್ಗ ಕಟ್ಟಿಸಿಕೊಂಡು ಭಾವನ ಟ್ರ್ಯಾಕ್ಟರಿನ ಹಿಂದೆ ಕುರುಗೋಡಿಗೆ ಮೆರವಣಿಗೆ ಹೊರಟಿತು.

ಚಾಚಾ ಸುದ್ದಿ ಕೇಳಿ ಮಾರನೇ ದಿನವೇ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಎಳೆದಿದ್ದ ತೆಳ್ಳನೆ ವೈರನ್ನು ಬೆರಳಲ್ಲಿ ಸವರಿ ತೋರಿಸಿದರು. ಕಾರ್ಪೆಟ್ ಕೆಳಗೆ ಅದರ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ ಪಕ್ಕದ ವೈರಿಗೆ ಅಂಟಿತ್ತು. ಹೋಸ್ ಕಿತ್ತುಕೊಳ್ಳದಿದ್ದರೆ ಇನ್ನು ಸ್ವಲ್ಪ ದಿನಕ್ಕೆ ಬೆಂಕಿ ನಮ್ಮ ಕಾಲ ಕೆಳಗಿಂದಲೇ ಏಳುತ್ತಿತ್ತು.

ಆಮೇಲೆ ರಿಲೇಯನ್ನು ಕಿತ್ತು ಮುಚ್ಚಳ ತೆಗೆದರು. ಒಳಗಿನ ಕಾಂಟ್ಯಾಕ್ಟ್ ಕರಕಲು. ‘ಟಿಕ್ ಅನ್ನೋದು ಇದರ ನಾಲಿಗೆ ಬೇಟಾ. ಕರೆಂಟ್ ದಾಟ್ಸೋದು ಇದರ ಕೈ. ನಾಲಿಗೆ ಐತೆ, ಕೈ ಇಲ್ಲ.’ ಹೊಸ ರಿಲೇಗೆ 150 ರೂಪಾಯಿ. ಅಷ್ಟಕ್ಕೆ ಇಷ್ಟು!

ರಿಲೇ ಯಾಕೆ ಬೇಕು ಅನ್ನುವುದನ್ನು ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದರು. ಪಂಪಿಗೆ ದಪ್ಪ ವೈರು, ಬ್ಯಾಟರಿಯ ಹತ್ತಿರವೇ 15 ಆಂಪ್ ಫ್ಯೂಸು, ನಡುವೆ ಹೊಸ ರಿಲೇ. ರಿಲೇಯ ಹಗ್ಗ ಇಸಿಎಂ ಕೈಯಲ್ಲಿ. ಹೋಸು ಪೂರ್ತಿ ಹೊಸದು, ಇಂಜೆಕ್ಷನ್ ಗಾಡಿಯದು. ‘ಟ್ಯಾಂಕಿನ ಮೇಲೆ ಕೈ ಇಡು’ ಅಂದರು. ಇಟ್ಟೆ. ಚಾವಿ ತಿರುವಿದರು. ವ್ಞೀಂ... ಎರಡೇ ಸೆಕೆಂಡು, ನಿಂತಿತು. ‘ಕೆಟ್ಟಿಲ್ಲ. ಲೈನಿನಲ್ಲಿ ಪ್ರೆಷರ್ ತುಂಬಿ ಕಾಯ್ತಾ ಐತೆ.’ ಸೆಲ್ಫ್ ಹೊಡೆದರು, ಎಂಜಿನ್ ಎದ್ದಿತು, ಪಂಪೂ ಎದ್ದಿತು. ಓಡುತ್ತಿದ್ದ ಹಾಗೆಯೇ ಚಾಚಾ ಮುಂದೆ ಹೋಗಿ ಕ್ಯಾಮ್ ಸೆನ್ಸರಿನ ಕಪ್ಲರ್ ಎಳೆದರು. ಎಂಜಿನ್ ಸತ್ತಿತು. ಚಾವಿ ಇನ್ನೂ ಆನ್ ಇದೆ. ಒಂದು, ಎರಡು... ನನ್ನ ಕೈ ಕೆಳಗೆ ಪಂಪೂ ತಣ್ಣಗಾಯಿತು.

ಅಂದರೆ ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಬಂದರೆ ಮಾತ್ರ ಇಸಿಎಂ ಪಂಪಿಗೆ ಅಪ್ಪಣೆ ಕೊಡುತ್ತದೆ. ಗಾಡಿ ಗುದ್ದಿ ಪೈಪು ಒಡೆದರೆ, ಡ್ರೈವರಿಗೆ ಪ್ರಜ್ಞೆ ತಪ್ಪಿದರೆ, ಚಾವಿ ಆನ್ ಇದ್ದರೂ ಪೆಟ್ರೋಲು ನಿಲ್ಲುತ್ತದೆ. ಆ ಕಾವಲುಗಾರನನ್ನೇ ನಾನು ಆಚೆ ಹಾಕಿ ಬಾಗಿಲು ತೆರೆದಿಟ್ಟಿದ್ದೆ.

ಇನ್ನೊಂದು ಚೇಷ್ಟೆ ಉಳಿದಿತ್ತು. ಸಿಗ್ನಲ್ಲಿನಲ್ಲಿ ನಿಲ್ಲಿಸಲು ಹೋದರೆ ಎಂಜಿನ್ ಆಫ್ ಆಗುವುದು. ಇಸಿಎಂಗೆ ಗಾಡಿಯ ವೇಗದ ಸುದ್ದಿಯೂ ಬೇಕು, ಜೆನ್ನಿನ ಹಳೇ ಮೀಟರು ಬರೀ ಕೇಬಲ್ಲಿನದು, ಅದು ಇಸಿಎಂಗೆ ಏನೂ ಹೇಳದು. ಎಸ್ಟೀಮಿನ ಮೀಟರಿನಿಂದ ಸೆನ್ಸರ್ ತಂದು ಕೂಡಿಸಿದ ಮೇಲೆ ಸರಿಹೋಯಿತು. ಕೊನೆಗೆ ಚಾಚಾ ಪರೀಕ್ಷೆಯ ಕಪ್ಲರಿನಲ್ಲಿ ಒಂದು ವೈರು ಸಿಕ್ಕಿಸಿದರು. ಎಂಜಿನ್ ಲ್ಯಾಂಪು ಮಿಟುಕಿತು: ಒಂದು, ತುಸು ಬಿಟ್ಟು ಎರಡು. 12. ಸುಜುಕಿಯವರ ಆ ಕಾಲದ ಸನ್ನೆಯಲ್ಲಿ ಅದರ ಅರ್ಥ ‘ತಕರಾರಿಲ್ಲ’. ಚಾಚಾ ಅದನ್ನು ಹತ್ತು ಸಲ ಮಿಟುಕಿಸಿಕೊಂಡು ನೋಡಿದರು. ಅಷ್ಟು ಖುಷಿಯಾದದ್ದನ್ನು ನಾನು ಆ ಮುಖದಲ್ಲಿ ಮತ್ತೆ ಕಂಡಿಲ್ಲ.

ಕೂಲಿ ಕೇಳಿದರೆ, ‘ಗಣಿ ಶುರುವಾಗಲಿ, ನೋಡೋಣ’ ಅಂದರು. ಒತ್ತಾಯ ಮಾಡಿ ಎರಡು ಸಾವಿರ ಜೇಬಿಗೆ ಹಾಕಿದೆ.

ಆ ವರ್ಷದ ಚಳಿಗಾಲದಲ್ಲಿ, ರಾತ್ರಿ ಒಂದು ಗಂಟೆಗೆ, ಅವ್ವ ಎಬ್ಬಿಸಿದಳು. ಅಪ್ಪ ಎದೆ ಹಿಡಿದು ಗೋಡೆಗೆ ಒರಗಿದ್ದ. ಬನಿಯನ್ನು ಬೆವರಿಗೆ ತೊಯ್ದಿತ್ತು. ಎತ್ತಿ ಕಾರಿನಲ್ಲಿ ಕೂಡಿಸಿದೆವು. ಚಾವಿ ತಿರುವಿದೆ. ವ್ಞೀಂ... ಎರಡು ಸೆಕೆಂಡು. ಆ ಎರಡು ಸೆಕೆಂಡು ಕಾಯ್ದೆ ನೋಡಿ, ಅಷ್ಟು ಉದ್ದದ ಇಂಟರ್ವೆಲ್ ನನ್ನ ಜೀವಮಾನದಲ್ಲಿ ಕಂಡಿಲ್ಲ. ಮೊದಲ ಸೆಲ್ಫಿಗೇ ಎದ್ದಿತು. ದಾರಿಯುದ್ದಕ್ಕೂ ಭತ್ತದ ಲಾರಿಗಳು, ಕಣ್ಣು ಕುಕ್ಕುವ ಲೈಟು. ಸಿನಿಮಾದ ಹಾಗೆ ಹಾರಿಸಲಿಲ್ಲ. ಅರವತ್ತು ಎಪ್ಪತ್ತರಲ್ಲೇ ಹೋದೆ. ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಬೆಳಗಿನ ಜಾವ ಡಾಕ್ಟರು ಹೊರಗೆ ಬಂದು, ‘ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು’ ಅಂದರು. ಅಪ್ಪ ಎದ್ದು ಕೂತ ಮೇಲೆ ಕೇಳಿದ ಮೊದಲ ಮಾತು, ‘ಚಾವಿ ತೆಗೆದೀಯೇನೋ?’

2013ರಲ್ಲಿ ಗಾಡಿಗೆ 15 ವರ್ಷ ತುಂಬಿತು. ಆರ್‌ಸಿ ಮತ್ತೆ ಮಾಡಿಸಬೇಕು. ಅಲ್ಲಿ ಎಂಜಿನ್ ನಂಬರ್ ನೋಡುತ್ತಾರೆ! ನಾನು ಪರ್ಮಿಷನ್ ಗಿರ್ಮಿಷನ್ ಯಾವುದನ್ನೂ ಕೇಳಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೇ ಇರುವುದು. ಕಂಪನಿಯವರು ನಮೂದಿಸಿದ್ದಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಆ ಮಂಗಳವಾರ ಗಾಡಿ ಹೊತ್ತಿ ಉರಿದಿದ್ದರೆ ವಿಮೆಯವರ ಮುಂದೆ ನಾನು ಏನಂತ ಬಾಯಿ ಬಿಡುತ್ತಿದ್ದೆ? ನಿಮ್ಮಲ್ಲಿ ಯಾರಿಗಾದರೂ ನನ್ನ ಹಾಗೆ ಹುಚ್ಚು ಹತ್ತಿದ್ದರೆ ಗುಜರಿಗೆ ಹೋಗುವ ಮೊದಲು ಆರ್‌ಟಿಓ ಬಾಗಿಲಿಗೆ ಹೋಗಿ ಕೇಳಿ. ಹೊಸ ಮಾದರಿಯ ಗಾಡಿಗಳಲ್ಲಂತೂ ಚಾವಿಯ ಗುರುತು ಸಿಗದಿದ್ದರೆ ಇಸಿಎಂ ಎಂಜಿನ್ನನ್ನೇ ಏಳಗೊಡುವುದಿಲ್ಲ. ಚಾವಿ, ಇಸಿಎಂ ಎರಡೂ ಒಂದೇ ಗಾಡಿಯವಿರಬೇಕು.

ಹಳೇ ಎಂಜಿನ್ ಭಾವನ ಶೆಡ್ಡಿನಲ್ಲಿ ಗೋಣಿ ಹೊದ್ದು ಮಲಗಿತ್ತು. ಎಸ್ಟೀಮ್ ಎಂಜಿನ್ನನ್ನು ವೈರಿಂಗ್ ಸಮೇತ ಸಿಂಧನೂರಿನ ಕಡೆಯ ಎಸ್ಟೀಮ್ ಗಾಡಿಯವರೊಬ್ಬರಿಗೆ ಮಾರಿದೆ. ಆ ದುಡ್ಡಿನಲ್ಲಿ ಹಳೆಯದಕ್ಕೆ ಬೋರು, ಪಿಸ್ಟನ್ನು, ರಿಂಗು. ಮತ್ತೆ ಅದೇ ಬೇವಿನ ಕೊಂಬೆ, ಅದೇ ಚೈನ್ ಬ್ಲಾಕು. ಚಾಚಾ ಬಂದು ತಮ್ಮ ವೈರಿಂಗನ್ನು ಕಪ್ಲರ್ ಕಪ್ಲರಾಗಿ ಬಿಡಿಸಿದರು. ಜೆನ್ನಿನ ಹಳೇ ವೈರಿಂಗು ಇದ್ದ ಹಾಗೇ ಇತ್ತಲ್ಲ, ಹಳೇ ಎಂಜಿನ್ನಿಗೆ ಕರೆಂಟು ಕೊಡಲು ಅರ್ಧ ದಿನವೂ ಹಿಡಿಯಲಿಲ್ಲ. ಒಂದು ವೈರು ಕತ್ತರಿಸಿದ್ದರೂ ನಾನು ವಾರಗಟ್ಟಲೆ ಟೆಸ್ಟ್ ಲ್ಯಾಂಪ್ ಹಿಡಿದು ಅಲೆಯಬೇಕಿತ್ತು.

ಜೆನ್ ಈಗಲೂ ಮನೆ ಮುಂದಿದೆ. ನೀಲಿ ಹೊಗೆ ಇಲ್ಲ, 85 ಕುದುರೆಯೂ ಇಲ್ಲ. ಮೊನ್ನೆ ಮೀಟರಿನ ಬಲ್ಬ್ ಬದಲಾಯಿಸಲು ಡ್ಯಾಶ್ ಬೋರ್ಡ್ ಬಿಚ್ಚಿದೆ. ಒಳಗೆ ಒಂದು ಮೂಲೆಯಲ್ಲಿ ಬಿಳಿ ಟೇಪಿನ ತುಂಡು ತಗಡಿಗೆ ಅಂಟಿಕೊಂಡಿತ್ತು. ‘ಪಂಪ್’ ಅಂತ ಕನ್ನಡದಲ್ಲಿ, ಕೆಳಗೆ ಉರ್ದುವಿನಲ್ಲಿ. ವೈರಿಲ್ಲ, ಚೀಟಿ ಮಾತ್ರ. ಕೀಳಲು ಉಗುರು ಹಾಕಿದೆ. ಆಮೇಲೆ ಬೇಡ ಅನ್ನಿಸಿ ಡ್ಯಾಶ್ ಬೋರ್ಡ್ ಮುಚ್ಚಿದೆ.